ಅರ್ಥವಿಲ್ಲದ ಟ್ರೇಲರು

ಸಿಟ್ಟು ಬಂದರೆ ನನಗೆ ಕಿವಿ ಕೇಳಿಸುವುದಿಲ್ಲ. ನಮ್ಮ ಮನೆಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಮ್ಮನ ಕಿವಿ ಮುಚ್ಚಿದೆ, ಆಮೇಲೆ ಹೇಳೋಣ ಎಂದು ಮಕ್ಕಳು ಈಗಲೂ ಪಿಸುಗುಟ್ಟಿಕೊಳ್ಳುತ್ತಾರೆ. ಅವರು ತಮಾಷೆಗೆ ಹೇಳಿದರೂ ಮಾತು ಸುಳ್ಳಲ್ಲ. ಈ ಕಾಯಿಲೆಯಿಂದಾಗಿ ಒಂದು ದಿನ ನಾನು ತೆರಕಣಾಂಬಿಯ ಒಬ್ಬ ಹೆಂಗಸಿನ ರೇಷ್ಮೆ ಬೆಳೆಯನ್ನು ಎರಡನೇ ಸಲ ಹಾಳು ಮಾಡುವುದರಲ್ಲಿದ್ದೆ. ಮಾಡಲಿಲ್ಲ. ಯಾಕೆ ಮಾಡಲಿಲ್ಲ ಎಂಬುದನ್ನು ನೆನೆದಾಗಲೆಲ್ಲ ಈಗಲೂ ಒಂದು ದೊಡ್ಡ ಉಸಿರು ಬಿಡುತ್ತೇನೆ.

ಚಾಮರಾಜನಗರ ಇನ್ನೂ ಮೈಸೂರು ಜಿಲ್ಲೆಯಲ್ಲೇ ಇದ್ದ ಕಾಲ. ಹರದನಹಳ್ಳಿಯಲ್ಲಿ ನಮ್ಮ ಮನೆಯ ಪಕ್ಕದ ಕೊಟ್ಟಿಗೆಯನ್ನು ಸುಣ್ಣ ಬಳಿಸಿ, ಕಿಟಕಿಗೆ ಜಾಲರಿ ಹೊಡೆಸಿ ನಾನು ಚಾಕಿ ಸಾಕಾಣಿಕೆ ಶುರು ಮಾಡಿದ್ದೆ. ಚಾಕಿ ಎಂದರೆ ಮೊಟ್ಟೆಯಿಂದ ಆಗತಾನೆ ಬಂದ ಎಳೆಯ ರೇಷ್ಮೆ ಹುಳು. ಮೊದಲ ಎಂಟು ಹತ್ತು ದಿನ ಅವನ್ನು ಸಾಕುವುದೇ ಕಷ್ಟ. ಸೊಪ್ಪನ್ನು ಸಣ್ಣಗೆ ಹೆಚ್ಚಬೇಕು, ಶೆಕೆ ಹೆಚ್ಚಾಗಬಾರದು, ಗಾಳಿ ಒಣಗಬಾರದು. ಆ ಹತ್ತು ದಿನದ ಕಷ್ಟವನ್ನು ನಾನು ಪಟ್ಟು, ದೊಡ್ಡದಾದ ಹುಳುವನ್ನು ರೈತರ ಮನೆಗೆ ತಲುಪಿಸುವುದು ನನ್ನ ಕಸುಬು. ಕೊಟ್ಟಿಗೆ ನನ್ನದು, ಡ್ರೈವರು ನಮ್ಮನೆಯವರು.

ಹುಳುವನ್ನು ಸಾಗಿಸುವುದಕ್ಕೂ ಒಂದು ಹೊತ್ತಿದೆ. ಪೊರೆ ಬಿಡುವ ಮೊದಲು ಹುಳು ಒಂದು ದಿನ ಏನೂ ತಿನ್ನದೆ, ತಲೆ ಎತ್ತಿಕೊಂಡು ಮಿಸುಕಾಡದೆ ನಿಂತುಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತೇವೆ. ಎರಡನೇ ಜ್ವರದಲ್ಲಿರುವಾಗ ಸಾಗಿಸಿದರೆ ಹೋದ ಕಡೆ ಎದ್ದು ಹೊಸ ಮನೆಯ ಸೊಪ್ಪು ತಿನ್ನುತ್ತದೆ. ಒಂದೇ ಫಜೀತಿ ಏನೆಂದರೆ, ಜ್ವರದಲ್ಲಿರುವ ಹುಳುವನ್ನು ನೋಡಿ ಬದುಕಿದೆಯೋ ಇಲ್ಲವೋ ಹೇಳುವುದು ಎಂಥವರಿಗೂ ಕಷ್ಟ. ಅದು ಎದ್ದಾಗಲೇ ಗೊತ್ತಾಗುವುದು.

ಹಳೇ ಡೀಸೆಲ್ ಜೀಪಿನ ಹಿಂದೆ ಒಂದು ಟ್ರೇಲರು ಕಟ್ಟಿದ್ದೆವು. ಧೂಳು, ಬಿಸಿಲು ತಾಗದಂತೆ ಅದಕ್ಕೆ ತಗಡಿನ ಪೆಟ್ಟಿಗೆ ಮಾಡಿಸಿ ಒಳಗೆ ತಟ್ಟೆ ಜೋಡಿಸಲು ಹಲಗೆ ಹೊಡೆಸಿದ್ದೆವು. ತಗಡಿನ ಒಳಗೆ ಹುಳು ಬೆಂದುಹೋಗಬಾರದಲ್ಲ, ಒದ್ದೆ ಗೋಣಿ ಇಳಿಬಿಟ್ಟು ಅದರ ಹಿಂದೆ ಲಾರಿ ಡ್ರೈವರುಗಳ ಮುಂದೆ ತಿರುಗುವಂಥ ಎರಡು ಸಣ್ಣ ಫ್ಯಾನು ಹಾಕಿದೆವು. ಫ್ಯಾನಿಗೆ ಕರೆಂಟು ಜೀಪಿನ ಬ್ಯಾಟರಿಯಿಂದಲೇ ಕೊಟ್ಟರೆ ಒಂದೊಂದು ಊರಿನಲ್ಲಿ ಅರ್ಧ ಗಂಟೆ ನಿಂತು ಹೊರಡುವ ಹೊತ್ತಿಗೆ ಜೀಪು ಸ್ಟಾರ್ಟೇ ಆಗುತ್ತಿರಲಿಲ್ಲ. ಹಾಗಾಗಿ ಟ್ರೇಲರಿನ ಒಳಗೇ ಎರಡನೇ ಬ್ಯಾಟರಿ ಒಂದನ್ನು ಇಟ್ಟೆವು. ಜೀಪಿನ ಬೆನ್ನಿಗೆ ಟ್ರೇಲರಿನ ಲೈಟಿಗೆಂದು ಒಂದು ದುಂಡನೆಯ ಸಾಕೆಟ್ಟು ಇತ್ತು. ಚಾಮರಾಜನಗರದ ಒಬ್ಬ ಎಲೆಕ್ಟ್ರಿಷಿಯನ್ನು ಅದರ ಒಂದು ಖಾಲಿ ತೂತಿಗೆ ದಪ್ಪನೆಯ ಕೆಂಪು ವೈರು ಎಳೆದು, ಜೀಪು ಓಡುವಾಗ ಹಿಂದಿನ ಬ್ಯಾಟರಿಯೂ ಚಾರ್ಜ್ ಆಗುವ ಹಾಗೆ ಮಾಡಿಕೊಟ್ಟ. ಒಂದೇ ವೈರು ಸಾಕಾ ಎಂದು ಕೇಳಿದ್ದಕ್ಕೆ, ಇನ್ನೊಂದಕ್ಕೆ ಗಾಡಿಯ ಕಬ್ಬಿಣವೇ ಇದೆಯಲ್ಲ ಎಂದಿದ್ದ. ನನಗೆ ತಿಳಿಯಲಿಲ್ಲ, ತಿಳಿದವಳ ಹಾಗೆ ತಲೆಯಾಡಿಸಿದೆ.

ನಿಂತಾಗ ಫ್ಯಾನು ಜೀಪಿನ ಬ್ಯಾಟರಿಯನ್ನೂ ಹೀರದಿರಲೆಂದು, ಜೀಪು ನಿಂತ ತಕ್ಷಣ ಇಳಿದು ಆ ಪ್ಲಗ್ಗು ಕೀಳುವುದು, ಹೊರಡುವ ಮುಂಚೆ ಮತ್ತೆ ಚುಚ್ಚುವುದು ನನ್ನ ಕೆಲಸ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಜೀಪಿನ ಹಿಂದೆ ಬಗ್ಗಿದ ನನ್ನನ್ನು ನೋಡಿ ಬಸ್ ಸ್ಟ್ಯಾಂಡಿನಲ್ಲಿ ಗಂಡಸರು ನಗುತ್ತಿದ್ದರು. ನಕ್ಕರೆ ನಗಲಿ ಎಂದು ಇನ್ನೂ ಜೋರಾಗಿ ಚುಚ್ಚುತ್ತಿದ್ದೆ.

ಖಾಲಿ ಟ್ರೇಲರಿನಲ್ಲಿ ಎರಡು ದಿನ ಓಡಿಸಿ ನೋಡಿದೆವು. ಫ್ಯಾನು ಚೆನ್ನಾಗಿ ತಿರುಗಿತು, ಬ್ಯಾಟರಿಯೂ ತುಂಬಿತು. ಆದರೆ ಜೀಪಿನ ಕೊಕ್ಕೆಗೂ ಟ್ರೇಲರಿನ ಬಳೆಗೂ ನಡುವೆ ಸಡಿಲ ಇತ್ತು. ಹಳ್ಳ ಬಂದರೆ ಸಾಕು, ಢಣ್ ಎಂದು ಬಡಿದು ತಟ್ಟೆಗಳೆಲ್ಲ ಅದುರುತ್ತಿದ್ದವು. ಜ್ವರದ ಹುಳುವಿಗೆ ಈ ಅದುರು ಆಗದು ಎಂದು ನಾನು ಗೊಣಗಿದೆ. ನಮ್ಮನೆಯವರು ಲಾರಿ ಟ್ಯೂಬಿನ ರಬ್ಬರು ಕೊಯ್ದು ಕೊಕ್ಕೆಗೆ ಮೂರು ಸುತ್ತು ಬಿಗಿದು ತಂತಿ ಕಟ್ಟಿದರು. ಸದ್ದು ಪೂರಾ ನಿಂತಿತು. ಎಷ್ಟು ಜಾಣರಪ್ಪ ನಾವು ಎಂದುಕೊಂಡೆ.

ಮೊದಲ ಸಾಗಣೆ ಹೊರಟಿದ್ದು ಯುಗಾದಿ ಕಳೆದ ಮೇಲೆ. ದೂರದವರಿಗೆ ಮೊದಲು ಕೊಟ್ಟು, ವಾಪಸ್ ಬರುತ್ತಾ ತೆರಕಣಾಂಬಿಯಲ್ಲಿ ಇಳಿಸೋಣ ಎಂದು ಯೋಚನೆ ಹಾಕಿದವಳು ನಾನೇ. ಗುಂಡ್ಲುಪೇಟೆ ಕಡೆಯ ಹಳ್ಳಿಗಳಲ್ಲಿ ಮಾತು, ಕಾಫಿ, ಮನೆ ತೋರಿಸುವುದು ಎಂದು ಹೊತ್ತು ಏರಿತು. ಗುಂಡ್ಲುಪೇಟೆ ಬಿಟ್ಟ ಮೇಲೆ ಫ್ಯಾನು ನಿಂತಿದ್ದು ನಮಗೆ ಗೊತ್ತೇ ಆಗಲಿಲ್ಲ. ತೆರಕಣಾಂಬಿಯಲ್ಲಿ ಬಾಗಿಲು ತೆಗೆದರೆ ಬಾಣಲೆಯ ಮುಚ್ಚಳ ತೆಗೆದ ಹಾಗೆ ಬಿಸಿ ಮುಖಕ್ಕೆ ಹೊಡೆಯಿತು. ಜ್ವರದ ಹುಳು ನೋಡಿ ಏನೂ ತಿಳಿಯದೆ ತಟ್ಟೆಗಳನ್ನು ಇಳಿಸಿ ಬಂದೆವು.

ಅಲ್ಲಿದ್ದವಳು ನನಗಿಂತ ಹತ್ತು ವರ್ಷ ದೊಡ್ಡವಳು, ಅಕ್ಕಾ ಎಂದೇ ಕರೆಯುತ್ತಿದ್ದೆ. ಹಿಪ್ಪುನೇರಳೆ ತೋಟ, ಹುಳುಮನೆ ಎರಡನ್ನೂ ಅವಳೇ ನೋಡಿಕೊಳ್ಳುತ್ತಿದ್ದಳು. ಅಲ್ಲಿಯವರೆಗೆ ತನ್ನ ಚಾಕಿಯನ್ನು ತಾನೇ ಸಾಕುತ್ತಿದ್ದವಳನ್ನು, ನನ್ನ ಹುಳು ತಗೋ, ನಿನಗೆ ಹತ್ತು ದಿನದ ನಿದ್ದೆ ಉಳಿಯುತ್ತೆ ಎಂದು ಒಪ್ಪಿಸಿದ್ದೆ. ಜ್ವರ ಬಿಡುವ ಹೊತ್ತಿಗೆ ಅವಳು ಸೊಪ್ಪು ಹೆಚ್ಚಿಕೊಂಡು ಕಾದಳು. ಹುಳು ಏಳಲಿಲ್ಲ. ಮಾರನೆಯ ದಿನಕ್ಕೆ ಕಪ್ಪಾಗಿ ಮೆತ್ತಗಾದವು. ಸುದ್ದಿ ಕೇಳಿ ಬಸ್ಸು ಹತ್ತಿ ಹೋದೆ. ಅವಳು ಬಯ್ಯಲಿಲ್ಲ, ತಟ್ಟೆಗಳನ್ನು ತೊಳೆದು ಬಿಸಿಲಿಗೆ ಒರಗಿಸುತ್ತಿದ್ದಳು. ಇನ್ನೊಂದು ಸಲ ತಂದುಕೊಡುತ್ತೇನೆ, ಸೊಪ್ಪು ಬಲಿಯುವುದರೊಳಗೆ ತರುತ್ತೇನೆ ಎಂದು ಕೇಳಿಕೊಂಡೆ. ಅವಳು ತಟ್ಟೆ ಒರಗಿಸುವುದನ್ನು ನಿಲ್ಲಿಸದೆ ಹೇಳಿದಳು:

"ತತ್ತಾ. ಈ ಕಿತವೂ ಸತ್ರೆ ನಿನ್ನ ಉಳ ನಂಗೆ ಬ್ಯಾಡ ಕಣವ್ವ. ನಾ ಯಾರ್ಗೂ ಬ್ಯಾಡ ಅಂತ್ಲೂ ಏಳಕ್ಕೋಗಲ್ಲ. ಅವ್ರೇ ಕೇಳ್ಕತಾರೆ."

ಬೈದಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು. ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಆ ಮಾತನ್ನೇ ಅಗಿದೆ. ಅವಳಿಗೆ ಒಂದು ಬೆಳೆ ಹೋಗಿತ್ತು, ತೋಟದಲ್ಲಿ ಸೊಪ್ಪು ನಿಂತಿತ್ತು. ಇನ್ನೊಂದು ಸಲ ಹುಳು ಸತ್ತರೆ ಸೊಪ್ಪೂ ಹೋಗುತ್ತದೆ, ನನ್ನ ಕೊಟ್ಟಿಗೆಯಲ್ಲಿ ಮತ್ತೆ ಎಮ್ಮೆ ಕಟ್ಟಬೇಕಾಗುತ್ತದೆ.

ನಮ್ಮನೆಯವರು ಎರಡನೇ ಬ್ಯಾಟರಿಯನ್ನು ಬಿಚ್ಚಿಕೊಂಡು ಗುಂಡ್ಲುಪೇಟೆಗೆ ಹೋದರು. ಅದನ್ನು ಕೊಂಡಿದ್ದೂ ಅಲ್ಲೇ, ಎಲ್ಲರೂ ಬ್ಯಾಟರಿ ಸಾಬರು ಎಂದು ಕರೆಯುತ್ತಿದ್ದ ಒಬ್ಬ ಹಿರಿಯರ ಅಂಗಡಿಯಲ್ಲಿ. ಕೇರಳದ ಲಾರಿಗಳೆಲ್ಲ ಅವರ ಅಂಗಡಿ ಮುಂದೆಯೇ ನಿಲ್ಲುತ್ತಿದ್ದವು. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಲಾರಿಯವರ ಜೊತೆ ಮಲಯಾಳ. ಬ್ಯಾಟರಿಯಲ್ಲಿ ಏನೂ ಐಬಿಲ್ಲ, ಗಾಡಿಯನ್ನೇ ತನ್ನಿ ನೋಡುತ್ತೇನೆ ಎಂದು ಅವರು ಹೇಳಿ ಕಳುಹಿಸಿದರಂತೆ. ಚಾರ್ಜು ತುಂಬಿಸಿಕೊಂಡು ಬಂದ ನಮ್ಮನೆಯವರು, ಈಗ ಸರಿಯಾಗಿದೆ, ಗಾಡಿ ಯಾಕೆ ಎಂದು ಸುಮ್ಮನಾದರು. ನಾನೂ ಸುಮ್ಮನಾದೆ. ಹುಳು ದೊಡ್ಡದಾಗುತ್ತಿತ್ತು, ನನಗೆ ಬೇರೆ ಯೋಚನೆಯೇ ಇರಲಿಲ್ಲ.

ಎರಡನೇ ಸಾಗಣೆಯ ದಿನ ಬೆಳಗಾಗುವ ಮುಂಚೆ ಹೊರಟೆವು. ಈ ಸಲ ತೆರಕಣಾಂಬಿಗೆ ಮೊದಲು ಕೊಡಬೇಕು ಎಂದುಕೊಂಡಿದ್ದೆ. ಆದರೆ ಅಕ್ಕ ಹಿಂದಿನ ದಿನವೇ ಹೇಳಿ ಕಳುಹಿಸಿದ್ದಳು: ಹತ್ತಿರದ ನೆಂಟರ ಮನೆಯಲ್ಲಿ ಸಾವಾಗಿದೆ, ಹನ್ನೊಂದು ಗಂಟೆಗೆ ಮುಂಚೆ ಮನೆಯಲ್ಲಿರುವುದಿಲ್ಲ. ಬೀಗ ಹಾಕಿದ ಮನೆಯ ಜಗುಲಿಯ ಮೇಲೆ ಹುಳು ಇಟ್ಟು ಬರಲಾಗುತ್ತದೆಯೇ? ಮತ್ತೆ ದೂರದವರಿಗೇ ಮೊದಲು ಕೊಟ್ಟೆವು. ನಿಂತಲ್ಲೆಲ್ಲ ಇಳಿದು ಫ್ಯಾನು ನೋಡಿದೆ. ಮೂರನೇ ಊರಿನಲ್ಲಿ ಅದರ ರೆಕ್ಕೆಗಳು ಒಂದೊಂದಾಗಿ ಎಣಿಸುವ ಹಾಗೆ ನಿಧಾನವಾಗಿದ್ದವು. ಪ್ಲಗ್ಗು ಸರಿಯಾಗಿ ಚುಚ್ಚಿತ್ತು, ಜೀಪು ಓಡುತ್ತಲೇ ಇತ್ತು, ಆದರೂ ಬ್ಯಾಟರಿ ತುಂಬುತ್ತಿರಲಿಲ್ಲ. ಅಕ್ಕನ ತಟ್ಟೆಗಳು ಮಾತ್ರ ಒಳಗೆ ಉಳಿದಿದ್ದವು. ಜೀಪನ್ನು ನೇರ ಗುಂಡ್ಲುಪೇಟೆಗೆ, ಸಾಬರ ಅಂಗಡಿಗೆ ತಿರುಗಿಸಿದೆವು.

ನಮ್ಮನೆಯವರು ಗೋಣಿಗೆ ನೀರು ತರಲು ಕೊಡ ಹಿಡಿದು ಹೋದರು. ಸಾಬರು ಕನ್ನಡಕ ಏರಿಸಿಕೊಂಡು ಟ್ರೇಲರಿನ ಸುತ್ತ ಒಂದು ಸುತ್ತು ಬಂದರು. ಒಂದು ಸಣ್ಣ ಬಲ್ಬಿಗೆ ವೈರು ಕಟ್ಟಿಕೊಂಡು ಅಲ್ಲಿ ಮುಟ್ಟಿಸಿದರು, ಇಲ್ಲಿ ಮುಟ್ಟಿಸಿದರು. ನನಗೆ ಒಂದೊಂದು ನಿಮಿಷವೂ ಬಿಸಿಲು ಏರಿದಂತೆ. ಕೊನೆಗೆ ಅವರು ಮಂಡಿ ಹಿಡಿದುಕೊಂಡು ಎದ್ದು ನಿಂತು, ನನ್ನ ಮುಖ ನೋಡಿ ಹೇಳಿದರು:

"ಇದಕ್ಕೆ ಅರ್ಥ ಇಲ್ಲಮ್ಮ."

ನನಗೆ ಉರಿದುಹೋಯಿತು. ಹೆಂಗಸು ಟ್ರೇಲರು ಕಟ್ಟಿಕೊಂಡು ಹುಳು ಮಾರುವುದಕ್ಕೆ ಅರ್ಥವಿಲ್ಲ ಎಂದು ನಮ್ಮೂರಿನಲ್ಲಿ ಹೇಳಿದವರು ಕಡಿಮೆ ಇರಲಿಲ್ಲ. ಈ ದೊಡ್ಡ ಮನುಷ್ಯರೂ ಅದನ್ನೇ ಹೇಳಬೇಕೇ, ಅದೂ ಇವತ್ತು, ಈ ಹೊತ್ತಿನಲ್ಲಿ?

"ಅರ್ಥ ಇದೆಯೋ ಇಲ್ವೋ ನಾವು ನೋಡ್ಕತೀವಿ. ನೀವು ಬ್ಯಾಟರಿ ನೋಡಿ, ಸಾಕು" ಎಂದೆ.

"ಬ್ಯಾಟರಿ ಚೆನ್ನಾಗೈತೆ ಅಮ್ಮ. ಅರ್ಥನೇ ಇಲ್ವಲ್ಲ. ಅದಿಲ್ದೆ ನೀವು ಮೈಸೂರು ತಂಕ ಓಡಿಸಿದ್ರೂ ಸುಮ್ನೆ. ಬೇಕಾದ್ರೆ ನಾನು ಕೊಡ್ತೀನಿ, ಐದು ನಿಮಿಷ."

ನನ್ನ ಬದುಕಿಗೆ ಅರ್ಥವನ್ನು ಇವರು ಕೊಡುತ್ತಾರಂತೆ, ಅದೂ ಐದು ನಿಮಿಷದಲ್ಲಿ. ಅಷ್ಟು ಹೊತ್ತಿಗೆ ನನ್ನ ಕಿವಿ ಮುಚ್ಚಿತ್ತು. ನೀವು ನಮಗೆ ಬುದ್ಧಿ ಹೇಳುವ ಅಗತ್ಯವಿಲ್ಲ, ನಾಲ್ಕು ಮನೆಯ ಅನ್ನ ಇದರಲ್ಲಿದೆ, ನಿಮ್ಮ ಮಗಳಾಗಿದ್ದರೆ ಹೀಗೆ ಅನ್ನುತ್ತಿದ್ದಿರಾ ಎಂದೇನೇನೋ ಅಂದೆ. ನೀರು ತಂದ ನಮ್ಮನೆಯವರ ಕೈಯಿಂದ ಕೊಡ ಕಿತ್ತುಕೊಂಡು ಗೋಣಿಗೆ ಸುರಿದು, ಜೀಪು ಹತ್ತಿ, ಹೋಗನ ಎಂದೆ. ಹಿಂದಿನಿಂದ ಸಾಬರು ಏನೋ ಕೂಗಿದರು. ನಾನು ತಿರುಗಲಿಲ್ಲ.

ಊರು ದಾಟಿದ ಮೇಲೆ ನಮ್ಮನೆಯವರು ಮೆಲ್ಲಗೆ ಕೇಳಿದರು. "ಏನಂದ್ರಮ್ಮಿ?"

"ನಮ್ಮ ಟ್ರೇಲರಿಗೆ ಅರ್ಥ ಇಲ್ವಂತೆ."

ಅವರ ಮುಖವೂ ಸಣ್ಣಗಾಯಿತು. ಆ ಪೆಟ್ಟಿಗೆಯ ಹಲಗೆಗಳನ್ನು ಕೊಯ್ದು ಹೊಡೆದವರು ಅವರು. ಇಬ್ಬರೂ ಮುಖ ಊದಿಸಿಕೊಂಡು ಎರಡು ಮೂರು ಮೈಲಿ ಹೋದೆವು. ನಿಲ್ಲಿಸಿ ನೋಡಿದಾಗ ಫ್ಯಾನು ಪೂರ್ತಿ ನಿಂತಿತ್ತು. ಬೆರಳಿನಿಂದ ತಿರುಗಿಸಿದೆ, ಅರ್ಧ ಸುತ್ತು ತಿರುಗಿ ಮತ್ತೆ ನಿಂತಿತು. ಜೀಪನ್ನು ಒಂದು ಹುಣಸೆ ಮರದ ಕೆಳಗೆ ತಂದು, ಬಾಗಿಲು ತೆಗೆದು, ನಾನು ರಟ್ಟು ಹಿಡಿದು ಗಾಳಿ ಹಾಕತೊಡಗಿದೆ. ತಟ್ಟೆಯಲ್ಲಿ ಹುಳುಗಳು ತಲೆ ಎತ್ತಿಕೊಂಡು ಸುಮ್ಮನೆ ನಿಂತಿದ್ದವು. ಜ್ವರವೋ ಸಾವೋ ಒಂದೂ ಹೇಳುವಂತಿರಲಿಲ್ಲ. ಅಳು ಬಂತು. ಅತ್ತರೆ ಗಾಳಿ ಹಾಕುವುದು ನಿಲ್ಲುತ್ತದೆ ಎಂದು ಅಳಲಿಲ್ಲ.

ಆಗ ಗುಂಡ್ಲುಪೇಟೆ ಕಡೆಯಿಂದ ಒಂದು ಮೊಪೆಡ್ಡು ಕೆಮ್ಮುತ್ತಾ ಬಂತು. ಮೇಲೆ ಸಾಬರು. ಹೆಗಲ ಮೇಲೆ ಸುರುಳಿ ಸುತ್ತಿದ ದಪ್ಪನೆಯ ಕರಿ ವೈರು, ಹ್ಯಾಂಡಲಿಗೆ ನೇತು ಹಾಕಿದ ಸಾಮಾನಿನ ಚೀಲ. ಜಗಳಕ್ಕೆ ಬಂದರು ಎಂದುಕೊಂಡೆ. ಇಷ್ಟು ದೂರ ಬಂದು ಜಗಳ ಆಡುವವರು ವೈರು ಯಾಕೆ ತರುತ್ತಾರೆ ಎಂದು ಹೊಳೆಯಲಿಲ್ಲ.

ಅವರು ಗಾಡಿ ನಿಲ್ಲಿಸಿ, ಉಸಿರು ಸರಿ ಮಾಡಿಕೊಂಡು, ನೆಲಕ್ಕೆ ಚಪ್ಪಲಿ ಕಾಲಿನಿಂದ ಎರಡು ಸಲ ತಟ್ಟಿ ತೋರಿಸಿದರು.

"ಅಮ್ಮ, ನಾನು ಅಂದಿದ್ದು ಈ ಅರ್ಥ್. ನೆಲದ ಅರ್ಥ್. ನಿಮ್ಮ ಪುಸ್ತಕದ ಅರ್ಥ ಅಲ್ಲ."

ನಾನು ರಟ್ಟು ಹಿಡಿದುಕೊಂಡೇ ನಿಂತೆ. ಮನೆಗೆ ಕರೆಂಟು ಎಳೆಸಿದಾಗ ಅಂಗಳದಲ್ಲಿ ಗುಂಡಿ ತೆಗೆದು ಉಪ್ಪು, ಇದ್ದಿಲು ಹಾಕಿ ತಂತಿ ಇಳಿಸಿದ್ದು ನೆನಪಾಯಿತು. ಅದಕ್ಕೂ ಅರ್ಥ್ ಎಂದೇ ಅಂದಿದ್ದರು. ನನಗೆ ಆ ಶಬ್ದ ಗೊತ್ತೇ ಇತ್ತು.

ಸಾಬರು ಆಗಲೇ ಕೆಳಗೆ ಬಗ್ಗಿದ್ದರು. ಕೊಕ್ಕೆಗೆ ಸುತ್ತಿದ ರಬ್ಬರನ್ನು ಬೆರಳಿನಿಂದ ತಟ್ಟಿ, ಇದು ಯಾರ ಕೆಲಸ ಎಂದು ಕೇಳಿದರು. ನಮ್ಮನೆಯವರು ತಲೆ ಕೆರೆದುಕೊಂಡರು.

"ಕರೆಂಟು ಹೋದ್ರೆ ಸಾಲ್ದು, ವಾಪಸ್ ಬರ್ಬೇಕು. ಹೋಗಾಕೆ ಕೆಂಪು ವೈರು ಐತೆ. ಬರಾಕೆ ಈ ಕಬ್ಬಿಣಕ್ಕೆ ಕಬ್ಬಿಣ ತಾಗಿದ್ರೆ ದಾರಿ. ಆ ದಾರೀಗೆ ನೀವು ರಬ್ಬರ್ ಅಡ್ಡ ಹಾಕ್ಬುಟ್ಟಿದೀರಿ."

ಹುಳುವಿಗೆ ಅದುರಬಾರದೆಂದು ನಾವು ಮಾಡಿದ ಜಾಣತನವೇ ಹುಳುವಿಗೆ ಗಾಳಿ ಇಲ್ಲದ ಹಾಗೆ ಮಾಡಿತ್ತು. ರಬ್ಬರು ಇರಲಿ, ಹುಳುವಿಗೆ ಒಳ್ಳೆಯದೇ ಎಂದು ಅವರೇ ಹೇಳಿದರು. ಜೀಪಿನ ಅಡಿಯ ಕಬ್ಬಿಣದ ಚಾಸಿಯಲ್ಲಿ ಒಂದು ಬೋಲ್ಟಿನ ಬಣ್ಣ ಕೆರೆದು ಅದಕ್ಕೆ ಕರಿ ವೈರಿನ ಒಂದು ತುದಿ ಬಿಗಿದರು, ಟ್ರೇಲರಿನಲ್ಲಿ ಬ್ಯಾಟರಿಯ ಪಕ್ಕ ಇನ್ನೊಂದು ತುದಿ ಬಿಗಿದರು. ಐದು ನಿಮಿಷ ಎಂದಿದ್ದರು, ಅಷ್ಟೂ ಆಗಲಿಲ್ಲ. ನಮ್ಮನೆಯವರು ಜೀಪು ಸ್ಟಾರ್ಟ್ ಮಾಡಿದರು. ನಾನು ಪ್ಲಗ್ಗು ಚುಚ್ಚಿದೆ. ಒಳಗೆ ಗೋಣಿಯ ಅಂಚು ಅಲ್ಲಾಡಿತು, ಆಮೇಲೆ ಎರಡೂ ಫ್ಯಾನು ಜುಯ್ ಎಂದವು. ತಣ್ಣನೆಯ ಗಾಳಿ ನನ್ನ ಮೊಣಕೈಗೆ ತಾಗಿದಾಗ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ.

ಅಂಗಡಿ ಬಿಟ್ಟು ಯಾಕೆ ಬಂದಿರಿ ಎಂದು ನಮ್ಮನೆಯವರು ಕೇಳಿದರು. ಕೂಗಿದೆ, ನೀವು ನಿಲ್ಲಲಿಲ್ಲ, ಒಳಗೆ ಜೀವ ಇತ್ತಲ್ಲ ಎಂದು ಸಾಬರು ಅಂದರು. ನಾನು ಅವರಿಗೆ ಕೈ ಒರೆಸಿಕೊಳ್ಳಲು ಒದ್ದೆ ಗೋಣಿಯ ತುದಿ ಹಿಡಿದೆ. ಹುಳ ಎದ್ದ ಮೇಲೆ ತಿಳಿಸಮ್ಮ ಎಂದಷ್ಟೇ ಹೇಳಿ, ಮೊಪೆಡ್ಡನ್ನು ತಿರುಗಿಸಿಕೊಂಡು ಹೋದರು.

ತೆರಕಣಾಂಬಿಯಲ್ಲಿ ಅಕ್ಕ ಆಗತಾನೆ ಸ್ನಾನ ಮುಗಿಸಿ ಒದ್ದೆ ಕೂದಲಲ್ಲಿ ಬಾಗಿಲಿಗೆ ಬಂದಳು. ಮೊದಲು ಕೈ ಒಳಗಿಟ್ಟು ಪೆಟ್ಟಿಗೆಯ ಗಾಳಿ ನೋಡಿದಳು. ತಟ್ಟೆಗಳನ್ನು ಒಳಗೆ ಹೊತ್ತುಕೊಂಡೆವು. ಫ್ಯಾನು ನಿಂತಿತ್ತು ಎಂಬುದನ್ನು ನಾನು ಮುಚ್ಚಿಡಲಿಲ್ಲ. ಹುಳು ಏಳುವ ತನಕ ಇಲ್ಲೇ ಇರುತ್ತೇನೆ ಎಂದೆ. ಇರು ಎಂದಳು. ಊಟಕ್ಕೆ ಕರೆದಳು, ಹುಳು ಎದ್ದ ಮೇಲೆ ಎಂದೆ. ಅವಳೂ ಉಣ್ಣಲಿಲ್ಲ. ನಮ್ಮನೆಯವರನ್ನು ಹೊರಗೆ ಜಗುಲಿಗೆ ಕಳುಹಿಸಿ, ಇಬ್ಬರೂ ತಟ್ಟೆಯ ಮುಂದೆ ಕೂತೆವು.

ಮೂರು ಗಂಟೆಗೆ ಒಂದೂ ಇಲ್ಲ. ನಾಲ್ಕಕ್ಕೂ ಇಲ್ಲ. ಹೋದ ಸಲವೂ ಹೀಗೇ ಕೂತಿದ್ದೆ ಎಂದು ಅಕ್ಕ ಒಂದೇ ಒಂದು ಸಲ ಹೇಳಿದಳು. ನಾನು ಕಣ್ಣು ಬಿಟ್ಟುಕೊಂಡು ಒಂದೇ ಹುಳುವನ್ನು ನೋಡುತ್ತಿದ್ದೆ. ಅದು ತಟ್ಟೆಯ ಮೂಲೆಯಲ್ಲಿತ್ತು. ಎಷ್ಟೋ ಹೊತ್ತಾದ ಮೇಲೆ ಅದರ ತಲೆ ಇಷ್ಟೇ ಇಷ್ಟು ಪಕ್ಕಕ್ಕೆ ಸರಿಯಿತು. ನನ್ನ ಕಣ್ಣಿನ ಭ್ರಮೆ ಎಂದುಕೊಂಡೆ. ಮತ್ತೆ ಸರಿಯಿತು. ಹಳೇ ಪೊರೆ ಬಾಲದ ಕಡೆಗೆ ಸುಕ್ಕುಗಟ್ಟಿ, ಬೆಳ್ಳಗೆ ತೊಳೆದಂಥ ಹುಳು ಅದರಿಂದ ಮುಂದೆ ಬಂತು. ಪಕ್ಕದ್ದು ಬಂತು. ಅರ್ಧ ಗಂಟೆಯೊಳಗೆ ತಟ್ಟೆಯ ತುಂಬ ತಲೆಗಳು ಸೊಪ್ಪು ಹುಡುಕುತ್ತಾ ಅತ್ತಿತ್ತ ಆಡತೊಡಗಿದವು.

"ಎದ್ದೋ ಕಣವ್ವ" ಎಂದಳು ಅಕ್ಕ. ಅವಳ ದನಿ ಒಡೆದಿತ್ತು.

ನಾನು ಅತ್ತೆ. ಬೆಳಗಿನಿಂದ ತಡೆದಿದ್ದನ್ನೆಲ್ಲ ಅತ್ತೆ. ಎಲ್ಲವೂ ಏಳುವ ತನಕ ಕಾದು ಅಕ್ಕ ಮೊದಲು ಹುಳುವಿಗೆ ಸೊಪ್ಪು ಉದುರಿಸಿದಳು, ಆಮೇಲೆ ನಮಗೆ ಮುದ್ದೆ ಬಡಿಸಿದಳು. ಉಣ್ಣುತ್ತಾ ಸಾಬರ ಕಥೆಯನ್ನೆಲ್ಲ ಹೇಳಿದೆ. ಸಾವಿನ ಮನೆಯಿಂದ ಬಂದವಳು ನಗಬಾರದೆಂದು ಸೆರಗು ಬಾಯಿಗೆ ಒತ್ತಿಕೊಂಡಳು. ತಡೆಯಲಾಗಲಿಲ್ಲ.

"ಅಂಗಾರೆ ಇಷ್ಟ್ ದಿವ್ಸ ಗಂಡ ಎಡ್ತಿ ಇಬ್ರೂ ಅರ್ಥ ಇಲ್ದೇ ಓಡಾಡಿದ್ರಾ?"

ಮಾರನೆಯ ದಿನ ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಹೋದೆ. ಸಾಬರಿಗೆ ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ. ತಪ್ಪಾಯಿತು ಎಂಬುದನ್ನು ಮೂರು ತರಹ ಜೋಡಿಸಿಕೊಂಡಿದ್ದೆ. ಅಂಗಡಿ ಮುಂದೆ ಒಂದು ಲಾರಿಯ ಬ್ಯಾಟರಿ ಬಿಚ್ಚುತ್ತಿದ್ದ ಅವರು ನನ್ನನ್ನು ನೋಡಿ ಸ್ಪ್ಯಾನರು ಕೆಳಗಿಟ್ಟು ನೆಟ್ಟಗೆ ನಿಂತರು. ನಾನು ಬಾಯಿ ತೆರೆಯುವ ಮೊದಲೇ ಕೇಳಿದರು.

"ಎದ್ವಾ?"

"ಎದ್ವು" ಎಂದೆ.

ಜೋಡಿಸಿಕೊಂಡು ಹೋಗಿದ್ದ ಮೂರರಲ್ಲಿ ಒಂದೂ ಬಾಯಿಗೆ ಬರಲಿಲ್ಲ, ಅವರೂ ಅದಕ್ಕಾಗಿ ಕಾಯುತ್ತಿದ್ದ ಹಾಗೆ ಕಾಣಲಿಲ್ಲ. ಅಕ್ಕ ಅಂದಿದ್ದನ್ನು ಮಾತ್ರ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕು, ಎದುರಿನ ಹೋಟೆಲಿನಿಂದ ಎರಡು ಟೀ ಹೇಳಿದರು.